ಅಡ್ಯಾರಿನ ಮರದ ಬೀರು ಮತ್ತು ನಾನು ತಿದ್ದಿಕೊಳ್ಳಬೇಕಾದ ಒಂದು ಪಾಠ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನೂ ಐವತ್ತರ ಹತ್ತಿರದವನು, ತಲೆ ನರೆತಿದೆ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೂ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ವಿಷಯ ತಿಳಿಸಿದ. ಅವನ ವೃದ್ಧ ತಾಯಿ ಒಬ್ಬ ಗುರುಗಳ ಭಕ್ತರಾಗಿದ್ದಾರೆ. ಆ ಗುರುಗಳು ಬರಿಗೈಯಿಂದ ವಿಭೂತಿ, ಕುಂಕುಮ, ಒಮ್ಮೊಮ್ಮೆ ಉಂಗುರವನ್ನೂ ತೆಗೆದು ಕೊಡುತ್ತಾರಂತೆ. ತಾಯಿ ತಮ್ಮ ಎರಡು ಬಳೆಗಳನ್ನು ಆಗಲೇ ಕಾಣಿಕೆಯಾಗಿ ಒಪ್ಪಿಸಿದ್ದಾರೆ. ಈಗ ಊರಿನ ಜಮೀನಿನ ಮಾತು ಬರುತ್ತಿದೆ. ಮಗ ಪ್ರಶ್ನಿಸಿದರೆ, “ಹತ್ತು ಜನ ಕಣ್ಣಾರೆ ಕಂಡದ್ದು ಸುಳ್ಳೇನೋ?” ಎಂದು ಕೇಳುತ್ತಾರೆ.

“ಮೇಷ್ಟ್ರೇ, ನೀವು ಕ್ಲಾಸಿನಲ್ಲಿ ಅಡ್ಯಾರಿನ ಬೀರುವಿನ ಕಥೆ ಹೇಳಿದ್ದಿರಲ್ಲ, ಅದನ್ನೇ ಅಮ್ಮನಿಗೆ ಹೇಳಬೇಕು ಅಂತಿದ್ದೇನೆ. ಇನ್ನೊಂದು ಸಲ ಸರಿಯಾಗಿ ಹೇಳಿ” ಎಂದ.

ನಿಮ್ಮಲ್ಲಿ ಅನೇಕರಿಗೆ ಆ ಕಥೆ ನೆನಪಿದ್ದೀತು. ಹತ್ತನೆಯ ತರಗತಿಯ ಸುಧಾರಣಾ ಚಳವಳಿಗಳ ಪಾಠದಲ್ಲಿ ಬ್ರಹ್ಮ ಸಮಾಜ, ಆರ್ಯ ಸಮಾಜಗಳಾದ ಮೇಲೆ ಥಿಯೋಸಾಫಿಕಲ್ ಸೊಸೈಟಿ ಬರುತ್ತಿತ್ತು. ಪಠ್ಯದಲ್ಲಿ ಅದಕ್ಕೆ ನಾಲ್ಕೈದು ವಾಕ್ಯಗಳಷ್ಟೇ ಸ್ಥಳ. ತರಗತಿ ತೂಕಡಿಸಬಾರದೆಂದು ನಾನು ಆ ಕಥೆಯನ್ನು ಸೇರಿಸುತ್ತಿದ್ದೆ: ಮ್ಯಾಡಂ ಬ್ಲಾವಟ್‌ಸ್ಕಿಯವರ ಮಾಯಾ ಬೀರುವನ್ನು ಹಾಡ್ಸನ್ ಎಂಬ ಆಂಗ್ಲ ವಿಜ್ಞಾನಿ ಬಂದು ತೆರೆದು, ಹಿಂದಿನ ಹಲಗೆ ಸರಿಸಿ, ಮೋಸವನ್ನು ಬಯಲಿಗೆಳೆದರು ಎಂದು. ನೀವು ನಗುತ್ತಿದ್ದಿರಿ, ನನಗೂ ಸಂತೋಷವಾಗುತ್ತಿತ್ತು.

ಅಂದು ನನ್ನ ಶಿಷ್ಯನಿಗೆ ಎರಡು ದಿನ ಬಿಟ್ಟು ಬರಲು ಹೇಳಿದೆ. ಒಬ್ಬ ತಾಯಿಯ ಮುಂದೆ ಇಡಬೇಕಾದ ಮಾತು ತರಗತಿಯ ಹಾಸ್ಯದಷ್ಟು ಹಗುರವಾಗಿರಬಾರದಲ್ಲವೇ? ನಿವೃತ್ತಿಯ ನಂತರ ಕೂಡಿಸಿಟ್ಟಿದ್ದ ಪುಸ್ತಕಗಳನ್ನೂ ಪ್ರತಿಗಳನ್ನೂ ತೆಗೆದು ಓದಿದೆ. ಓದಿದಾಗ ತಿಳಿದದ್ದು ಇಷ್ಟು: ನಾನು ಹೇಳುತ್ತಿದ್ದ ಒಂದು ವಾಕ್ಯದಲ್ಲಿ ಮೂರು ತಪ್ಪುಗಳಿದ್ದವು. ಹಾಡ್ಸನ್ ಆಂಗ್ಲರಲ್ಲ, ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಹುಟ್ಟಿದವರು. ವಿಜ್ಞಾನಿಯಲ್ಲ, ಕಾನೂನು ಓದಿ ನಂತರ ಕೇಂಬ್ರಿಡ್ಜಿನಲ್ಲಿ ವ್ಯಾಸಂಗ ಮಾಡಿದವರು. ಮೂರನೆಯದೇ ಮುಖ್ಯ: ಅವರು ಆ ಬೀರುವನ್ನು ತೆರೆಯಲಿಲ್ಲ. ಅದನ್ನು ಅವರು ನೋಡಲೇ ಇಲ್ಲ.

ಆದುದರಿಂದ ಆ ಪಾಠವನ್ನು ಇನ್ನೊಮ್ಮೆ ಮಾಡುವ ಅನುಮತಿ ಕೊಡಿ.

*

ಹೆಲೆನಾ ಪೆಟ್ರೋವ್ನ ಬ್ಲಾವಟ್‌ಸ್ಕಿಯವರು 1831ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದಲ್ಲಿ, ಈಗಿನ ಉಕ್ರೇನಿನ ನಿಪ್ರೊ ನಗರದಲ್ಲಿ ಜನಿಸಿದರು. 1875ರಲ್ಲಿ ನ್ಯೂಯಾರ್ಕಿನಲ್ಲಿ ಕರ್ನಲ್ ಹೆನ್ರಿ ಸ್ಟೀಲ್ ಆಲ್ಕಾಟ್, ವಿಲಿಯಂ ಕ್ವಾನ್ ಜಡ್ಜ್ ಮೊದಲಾದವರೊಡನೆ ಥಿಯೋಸಾಫಿಕಲ್ ಸೊಸೈಟಿಯನ್ನು (ಬ್ರಹ್ಮವಿದ್ಯಾ ಸಮಾಜ) ಸ್ಥಾಪಿಸಿದರು. 1879ರ ಫೆಬ್ರವರಿಯಲ್ಲಿ ಬ್ಲಾವಟ್‌ಸ್ಕಿ ಮತ್ತು ಆಲ್ಕಾಟ್ ಬೊಂಬಾಯಿಗೆ ಬಂದಿಳಿದರು. 1882ರ ಡಿಸೆಂಬರಿನಲ್ಲಿ ಸೊಸೈಟಿಯ ಕೇಂದ್ರ ಮದರಾಸಿನ ಅಡ್ಯಾರಿಗೆ ಬಂತು.

ಅದು ಯಾವ ಕಾಲವೆಂಬುದನ್ನು ಮರೆಯಬಾರದು. ಆಳುವ ಬಿಳಿಯರೂ ಪಾದ್ರಿಗಳೂ ನಮ್ಮ ಶಾಸ್ತ್ರಗಳನ್ನು ಹಳೆಯ ಮೂಢನಂಬಿಕೆಗಳೆಂದು ಜರೆಯುತ್ತಿದ್ದ ದಿನಗಳಲ್ಲಿ, ಬಿಳಿಯರಿಬ್ಬರು ಬಂದು “ನಿಮ್ಮ ಪೂರ್ವಿಕರ ಜ್ಞಾನವೇ ಶ್ರೇಷ್ಠ” ಎಂದು ಸಭೆಗಳಲ್ಲಿ ಸಾರಿದರೆ ವಿದ್ಯಾವಂತರ ಎದೆ ಉಬ್ಬದಿರುತ್ತದೆಯೇ? ವಕೀಲರು, ನ್ಯಾಯಾಧೀಶರು, ಸರ್ಕಾರಿ ನೌಕರರು ಸದಸ್ಯರಾದರು. ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬರಾದ ಎ. ಓ. ಹ್ಯೂಮ್ ಅವರೂ ಕೆಲಕಾಲ ಅನುಯಾಯಿಗಳಾಗಿದ್ದು, ಆಮೇಲೆ ದೂರ ಸರಿದರು.

ಬ್ಲಾವಟ್‌ಸ್ಕಿಯವರು ಹೇಳುತ್ತಿದ್ದುದು ಇದು: ಹಿಮಾಲಯದಾಚೆ ಮಹಾತ್ಮರಿದ್ದಾರೆ, ಅವರಲ್ಲಿ ಮೋರ್ಯ, ಕೂಟ್ ಹೂಮಿ ಎಂಬ ಇಬ್ಬರು ತಮ್ಮ ಗುರುಗಳು, ಅವರು ಯೋಗಬಲದಿಂದ ಪತ್ರಗಳನ್ನು ಕಳುಹಿಸುತ್ತಾರೆ. ಪತ್ರಗಳು ಬಂದವು ಎಂಬುದರಲ್ಲಿ ಸಂಶಯವಿಲ್ಲ. ಅಲಹಾಬಾದಿನ ‘ಪಯೋನಿಯರ್’ ಪತ್ರಿಕೆಯ ಸಂಪಾದಕ ಎ. ಪಿ. ಸಿನೆಟ್ ಅವರಿಗೆ ಬಂದ ಪತ್ರಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಅವುಗಳನ್ನು ಬರೆದವರು ಯಾರೆಂಬುದೇ ಪ್ರಶ್ನೆ.

ಅಡ್ಯಾರಿನ ಮಹಡಿಯಲ್ಲಿ, ಬ್ಲಾವಟ್‌ಸ್ಕಿಯವರ ಮಲಗುವ ಕೋಣೆಯ ಪಕ್ಕದ ಕೋಣೆಯಲ್ಲಿ, ಮರದ ಒಂದು ಬೀರುವನ್ನು ಗೋಡೆಗೆ ತೂಗುಹಾಕಿದ್ದರು. ಅಲ್ಲಿನವರು ಅದನ್ನು ಗುಡಿಯೆಂದೇ ಕರೆಯುತ್ತಿದ್ದರು. ಮಹಾತ್ಮರಿಗೆ ಬರೆದ ಪತ್ರವನ್ನು ಒಳಗಿಟ್ಟು ಬಾಗಿಲು ಮುಚ್ಚಿದರೆ, ತೆರೆದಾಗ ಉತ್ತರ ಸಿಗುತ್ತಿತ್ತು. 1883ರ ಆಗಸ್ಟಿನಲ್ಲಿ ಜನರಲ್ ಮಾರ್ಗನ್ ಎಂಬ ನಿವೃತ್ತ ಸೇನಾಧಿಕಾರಿಯ ಎದುರಿನಲ್ಲಿ, ಬೀರುವಿನ ಬಾಗಿಲು ತೆರೆದಾಗ ಒಂದು ಪಿಂಗಾಣಿ ತಟ್ಟೆ ಕೆಳಗೆ ಬಿದ್ದು ಚೂರಾಯಿತು. ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಬೀರುವಿನೊಳಗಿಟ್ಟು ಬಾಗಿಲು ಹಾಕಿದರು. ಕೆಲವೇ ನಿಮಿಷಗಳಲ್ಲಿ ತೆರೆದು ನೋಡಿದರೆ ಇಡೀ ತಟ್ಟೆ! ಮಾರ್ಗನ್ ಸುಳ್ಳು ಹೇಳುವ ಮನುಷ್ಯರಲ್ಲ. ಅವರು ಕಂಡದ್ದನ್ನೇ ಹೇಳಿದರು.

*

ಸಂಶಯಪಟ್ಟವರು ನಾಸ್ತಿಕರೂ ಪಾದ್ರಿಗಳೂ ಮಾತ್ರವೆಂದು ತಿಳಿಯಬೇಡಿ. ಸೊಸೈಟಿಯೊಡನೆ ಮೊದಲು ಕೈಜೋಡಿಸಿದ್ದ ಆರ್ಯ ಸಮಾಜದ ಸ್ವಾಮಿ ದಯಾನಂದ ಸರಸ್ವತಿಯವರು 1882ರಲ್ಲಿ ಆ ಸಂಬಂಧವನ್ನು ಬಹಿರಂಗವಾಗಿ ಕಡಿದುಕೊಂಡು, ಈ ಪವಾಡಗಳನ್ನು ಟೀಕಿಸಿದರು. ವೇದವನ್ನು ಪ್ರಮಾಣವೆಂದು ನಂಬಿದ ಒಬ್ಬ ಸಂನ್ಯಾಸಿಯೇ ಇದನ್ನು ಒಪ್ಪಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಪವಾಡವನ್ನು ಪ್ರಶ್ನಿಸಲು ದೇವರನ್ನು ಬಿಡಬೇಕಾಗಿಲ್ಲ.

ಮರುವರ್ಷ ಇನ್ನೊಂದು ಪೆಟ್ಟು ಬಿತ್ತು. ಹೆನ್ರಿ ಕಿಡಲ್ ಎಂಬ ಅಮೆರಿಕದವರು 1880ರಲ್ಲಿ ಒಂದು ಭಾಷಣ ಮಾಡಿದ್ದರು. ಸಿನೆಟ್ ಅವರು 1881ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮಹಾತ್ಮರದೆಂದು ಅಚ್ಚಾಗಿದ್ದ ಒಂದು ಪತ್ರದಲ್ಲಿ ಆ ಭಾಷಣದ ಸಾಲುಗಳು ಹೆಚ್ಚುಕಡಮೆ ಹಾಗೆಯೇ ಇದ್ದವು. 1883ರಲ್ಲಿ ಕಿಡಲ್ ಅದನ್ನು ಪತ್ರಿಕೆಯಲ್ಲಿ ಎತ್ತಿ ತೋರಿಸಿದರು. ಮಹಾತ್ಮರ ಹೆಸರಿನಲ್ಲಿ ಬಂದ ಸಮಾಧಾನ ಇದು: ಗುರುಗಳು ಮನಸ್ಸಿನಲ್ಲಿ ನುಡಿದದ್ದನ್ನು ಕಾಗದದ ಮೇಲೆ ಮೂಡಿಸುವಾಗ ಅನನುಭವಿ ಶಿಷ್ಯನು ಕೆಲವು ಮಾತುಗಳನ್ನು ಬಿಟ್ಟುಬಿಟ್ಟನು.

ಇನ್ನು ಕೂಲಂ ದಂಪತಿಗಳು. ಎಮ್ಮಾ ಕೂಲಂ ಬ್ಲಾವಟ್‌ಸ್ಕಿಯವರಿಗೆ ಕೈರೋದಲ್ಲಿಯೇ ಪರಿಚಿತರು. ಅಡ್ಯಾರಿನಲ್ಲಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದರು. ಗಂಡ ಅಲೆಕ್ಸಿಸ್ ಮರಗೆಲಸ ಬಲ್ಲವರು. 1884ರ ಆರಂಭದಲ್ಲಿ ಬ್ಲಾವಟ್‌ಸ್ಕಿ ಮತ್ತು ಆಲ್ಕಾಟ್ ಯೂರೋಪಿಗೆ ಹೋದರು. ಮೇ ತಿಂಗಳಲ್ಲಿ ಅಡ್ಯಾರಿನವರು ಕೂಲಂ ದಂಪತಿಗಳನ್ನು ಹೊರಹಾಕಿದರು. ಆಗ ಮಹಡಿಯ ಕೋಣೆಗಳನ್ನು ಪರೀಕ್ಷಿಸಿದರೆ ಸರಿಯುವ ಹಲಗೆಗಳೂ ಟೊಳ್ಳುಗಳೂ ಕಂಡವು. “ನಮಗೆ ಹೇಳಿ ಮಾಡಿಸಿದ್ದೇ ಮ್ಯಾಡಂ” ಎಂದರು ಕೂಲಂ. “ಮ್ಯಾಡಂ ಇಲ್ಲದ ಹೊತ್ತಿನಲ್ಲಿ ಅವರ ಹೆಸರು ಕೆಡಿಸಲು ನೀವೇ ಕೊರೆದದ್ದು” ಎಂದರು ಸೊಸೈಟಿಯವರು. ಸೆಪ್ಟೆಂಬರಿನಲ್ಲಿ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಮಾಸಪತ್ರಿಕೆ, ಬ್ಲಾವಟ್‌ಸ್ಕಿಯವರು ಎಮ್ಮಾಗೆ ಬರೆದವೆನ್ನಲಾದ, ಪವಾಡಗಳ ಏರ್ಪಾಟನ್ನು ಸೂಚಿಸುವ ಪತ್ರಗಳನ್ನು ಪ್ರಕಟಿಸಿತು.

ಬೀರು ಏನಾಯಿತು? ಸೊಸೈಟಿಯವರಲ್ಲೇ ಒಬ್ಬರು ಅದರ ಬೆನ್ನಿನ ಹಲಗೆಯನ್ನು ತಟ್ಟಿ, “ನೋಡಿ, ಎಷ್ಟು ಗಟ್ಟಿಯಾಗಿದೆ” ಎನ್ನುವಷ್ಟರಲ್ಲಿ ನಡುವಿನ ಹಲಗೆ ಮೇಲಕ್ಕೆ ಸರಿಯಿತಂತೆ. ಅದರ ಬೆನ್ನಿಗೇ ಅವರು ಬೀರುವನ್ನು ಒಡೆದು ಸುಟ್ಟುಹಾಕಿದರು. 1882ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾಗಿದ್ದ ಅತೀಂದ್ರಿಯ ಸಂಶೋಧನಾ ಸಂಘವು ಕಳುಹಿಸಿದ ರಿಚರ್ಡ್ ಹಾಡ್ಸನ್ ಅಡ್ಯಾರಿಗೆ ಬಂದದ್ದು 1884ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಬೀರು ಬೂದಿಯಾಗಿತ್ತು.

ಪವಾಡ ನಡೆದ ವಸ್ತುವನ್ನೇ ತನಿಖೆಗೆ ಮೊದಲು ಸುಟ್ಟದ್ದು ಸೊಸೈಟಿಯ ಪರವಾದ ಸಾಕ್ಷ್ಯವಲ್ಲ. ಆದರೆ ಅದರಿಂದ ಹಾಡ್ಸನ್ ಅವರಿಗೂ ಪ್ರತ್ಯಕ್ಷ ಪ್ರಮಾಣ ದೊರೆಯದಂತಾಯಿತು. ಅವರು ಸುಮಾರು ಮೂರು ತಿಂಗಳು ಇದ್ದು ಸಾಕ್ಷಿಗಳನ್ನು ವಿಚಾರಿಸಿದರು, ಕೋಣೆಗಳನ್ನು ಅಳೆದರು, ಕೈಬರಹಗಳನ್ನು ಹೋಲಿಸಿದರು. ಅವರ ಶ್ರಮವನ್ನು ಮೆಚ್ಚಬೇಕಾದ ಒಂದು ಜಾಗ ತಟ್ಟೆಯದು. ಅದೇ ಬಗೆಯ ತಟ್ಟೆಗಳನ್ನು ಆ ಘಟನೆಗೆ ಸುಮಾರು ಒಂದು ತಿಂಗಳ ಹಿಂದೆ ಮದರಾಸಿನ ಅಂಗಡಿಯೊಂದರಿಂದ ಕೂಲಂ ಕೊಂಡಿದ್ದರೆಂಬುದನ್ನು ಅವರು ಅಂಗಡಿಯ ಲೆಕ್ಕದಿಂದ ತೋರಿಸಿದರು. ಜನರಲ್ ಮಾರ್ಗನ್ ಸುಳ್ಳು ಹೇಳಲಿಲ್ಲ, ನಿಜ. ಆದರೆ ಬಿದ್ದ ತಟ್ಟೆಯೂ ಸಿಕ್ಕ ತಟ್ಟೆಯೂ ಒಂದೇ ಎಂಬುದನ್ನು ಅವರು ಕಂಡಿರಲಿಲ್ಲ, ಊಹಿಸಿದ್ದರು.

1885ರ ಡಿಸೆಂಬರಿನಲ್ಲಿ ಹೊರಬಂದ ಸುಮಾರು 200 ಪುಟಗಳ ವರದಿ ಮಹಾತ್ಮರ ಪತ್ರಗಳಲ್ಲಿ ಹೆಚ್ಚಿನವನ್ನು ಬ್ಲಾವಟ್‌ಸ್ಕಿಯವರೇ ಬರೆದರೆಂದು ತೀರ್ಮಾನಿಸಿತು. ಅವರು ಸಾಮಾನ್ಯ ಮೋಸಗಾರ್ತಿಯಲ್ಲ, ಚರಿತ್ರೆಯಲ್ಲಿ ನೆನಪಿಡಬೇಕಾದಷ್ಟು ಜಾಣ ವಂಚಕಿ ಎಂಬುದು ಅದರ ಸಾರಾಂಶ. ಅಷ್ಟರಲ್ಲಿ ಅವರು ಭಾರತವನ್ನು ಬಿಟ್ಟಾಗಿತ್ತು; ಮತ್ತೆ ಮರಳಲಿಲ್ಲ. 1891ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

*

ನಾನು ತರಗತಿಯಲ್ಲಿ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಚರಿತ್ರೆ ಇಲ್ಲಿಗೆ ನಿಲ್ಲಲಿಲ್ಲ.

1986ರಲ್ಲಿ ಅದೇ ಸಂಶೋಧನಾ ಸಂಘದ ಪತ್ರಿಕೆಯಲ್ಲಿ ವರ್ನನ್ ಹ್ಯಾರಿಸನ್ ಎಂಬವರ ಪ್ರಬಂಧ ಪ್ರಕಟವಾಯಿತು. ಅವರು ಆ ಸಂಘದ ಸದಸ್ಯರು, ಖೋಟಾ ದಾಖಲೆಗಳನ್ನು ಪರೀಕ್ಷಿಸುವುದರಲ್ಲಿ ಪರಿಣತರು. ನೂರು ವರ್ಷಗಳ ಹಿಂದಿನ ವರದಿಯನ್ನು ಅವರು ಸಾಲುಸಾಲಾಗಿ ಪ್ರಶ್ನಿಸಿದರು. ಹಾಡ್ಸನ್ ಮೊದಲೇ ಒಂದು ತೀರ್ಮಾನಕ್ಕೆ ಬಂದು, ಅದಕ್ಕೆ ಒಪ್ಪುವ ಸಾಕ್ಷ್ಯವನ್ನು ಹಿಡಿದು, ಒಪ್ಪದ್ದನ್ನು ಬಿಟ್ಟರೆಂಬುದು ಅವರ ಆಕ್ಷೇಪ. ಕೈಬರಹ ತಜ್ಞರು ಮೊದಲು, ಮಹಾತ್ಮರ ಪತ್ರಗಳು ಬ್ಲಾವಟ್‌ಸ್ಕಿಯವರ ಕೈಯದಲ್ಲವೆಂದು ಹೇಳಿ, ಇನ್ನಷ್ಟು ಮಾದರಿಗಳನ್ನು ಕಳುಹಿಸಿದ ಮೇಲೆ ಅಭಿಪ್ರಾಯ ಬದಲಿಸಿದ್ದರು. ಕೂಲಂ ಅವರ ಮೂಲ ಪತ್ರಗಳೋ, ಈಗ ಎಲ್ಲಿಯೂ ಇಲ್ಲ. ಬ್ಲಾವಟ್‌ಸ್ಕಿಯವರು ರಷ್ಯಾದ ಹಿತಕ್ಕಾಗಿ ಕೆಲಸ ಮಾಡುತ್ತಿದ್ದರೆಂದು ಹಾಡ್ಸನ್ ಸೂಚಿಸಿದ್ದಕ್ಕೆ ಗಟ್ಟಿ ಆಧಾರವಿರಲಿಲ್ಲ. ಬ್ಲಾವಟ್‌ಸ್ಕಿಯವರಿಗೆ ಅನ್ಯಾಯವಾಗಿದೆ ಎಂಬುದು ಹ್ಯಾರಿಸನ್ ಅವರ ಅಭಿಪ್ರಾಯ. ಅದು ಲೇಖಕರ ಅಭಿಪ್ರಾಯವೇ ಹೊರತು ಸಂಘದ ತೀರ್ಪಲ್ಲವೆಂಬುದನ್ನೂ ಹೇಳಬೇಕು.

ಇಲ್ಲಿ ಎಚ್ಚರ ಬೇಕು. ಹಾಡ್ಸನ್ ವರದಿ ಪಕ್ಷಪಾತದ್ದೆಂದು ತೋರಿಸಿದ ಮಾತ್ರಕ್ಕೆ ಮಹಾತ್ಮರು ಗಾಳಿಯ ಮೂಲಕ ಪತ್ರ ಕಳುಹಿಸಿದರೆಂದು ಸಿದ್ಧವಾಗುವುದಿಲ್ಲ. ಕಳವು ಮಾಡಿದನೆಂದು ಸಾಬೀತಾಗದಿದ್ದರೆ ಆರೋಪಿಯನ್ನು ಬಿಡುತ್ತೇವೆ. ಆದರೆ ಕಳುವಾದ ವಸ್ತು ಆಕಾಶಕ್ಕೆ ಹಾರಿತೆಂದು ತೀರ್ಪು ಬರೆಯುವುದಿಲ್ಲ. ಅದ್ಭುತ ನಡೆಯಿತೆಂದು ಹೇಳುವವರ ಮೇಲೆಯೇ ಅದನ್ನು ತೋರಿಸಿಕೊಡುವ ಭಾರವಿದೆ. ಕಿಡಲ್ ಅವರ ಭಾಷಣದ ಸಾಲುಗಳು ಮಹಾತ್ಮರ ಪತ್ರದಲ್ಲಿ ಬಂದದ್ದು ಹಾಡ್ಸನ್ ಅವರ ಕಲ್ಪನೆಯಲ್ಲ. ಬೀರು ಸುಟ್ಟದ್ದೂ ಅವರ ಕಲ್ಪನೆಯಲ್ಲ.

ಹಾಡ್ಸನ್ ಅವರ ಉತ್ತರ ಜೀವನವೂ ಪಾಠವೇ. ಅಡ್ಯಾರಿನಲ್ಲಿ ಯಾರನ್ನೂ ನಂಬದ ಅವರು ನಂತರ ಅಮೆರಿಕದ ಬಾಸ್ಟನ್ನಿಗೆ ಹೋಗಿ, ಲಿಯೊನೋರಾ ಪೈಪರ್ ಎಂಬ ಮಹಿಳೆಯ ಮೂಲಕ ಸತ್ತವರು ಮಾತನಾಡುತ್ತಾರೆಂದು ನಂಬಿದರು. 1905ರಲ್ಲಿ ತೀರಿಕೊಳ್ಳುವವರೆಗೂ ಆ ನಂಬಿಕೆ ಉಳಿದಿತ್ತು. ಸಂಶಯವೆಂಬುದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಪದವಿಪತ್ರವಲ್ಲ.

*

ಎರಡು ದಿನಗಳ ನಂತರ ಶಿಷ್ಯ ಬಂದ. ಕಥೆಯನ್ನು ತಿದ್ದಿ ಹೇಳಿದೆ. ಅವನ ಮುಖ ಸಣ್ಣದಾಯಿತು. “ಹಾಗಾದರೆ ಏನೂ ಹೇಳಲಾಗುವುದಿಲ್ಲವೇ ಮೇಷ್ಟ್ರೇ?” ಎಂದ.

ಹೇಳಬಹುದು. ನಮ್ಮ ಹಿರಿಯರು “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂದಿದ್ದಾರೆ. ಪ್ರಮಾಣಿಸಿ ನೋಡುವುದೆಂದರೇನು ಎಂಬುದನ್ನು ಅಡ್ಯಾರಿನ ಪ್ರಕರಣ ಕಲಿಸುತ್ತದೆ. ನಾನು ಅವನಿಗೆ ಹೇಳಿದ್ದು ನಾಲ್ಕು ಮಾತು.

ಮೊದಲನೆಯದು, ಎಷ್ಟು ಜನ ಕಂಡರು ಎನ್ನುವುದಕ್ಕಿಂತ ಯಾವ ಸ್ಥಿತಿಯಲ್ಲಿ ಕಂಡರು ಎಂಬುದು ದೊಡ್ಡದು. ಕೋಣೆ ಯಾರದು, ಬೀರು ಯಾರದು, ಹೊತ್ತು ಗೊತ್ತುಮಾಡಿದವರು ಯಾರು? ಎಲ್ಲವೂ ಒಂದೇ ಕಡೆಯವರ ಕೈಯಲ್ಲಿದ್ದರೆ ಹತ್ತು ಜನ ಕಂಡರೂ ಸಾವಿರ ಜನ ಕಂಡರೂ ಒಂದೇ.

ಎರಡನೆಯದು, ಹೇಳುವವರ ಹಿತ ಯಾವುದೆಂದು ಎರಡೂ ಕಡೆ ನೋಡಬೇಕು. ಅಡ್ಯಾರಿನವರಿಗೆ ಸೊಸೈಟಿಯ ಮಾನ ಮುಖ್ಯ. ಕೂಲಂ ದಂಪತಿಗಳಿಗೆ ಹೊರಹಾಕಿದ ಸಿಟ್ಟು. ಪತ್ರಗಳನ್ನು ಅಚ್ಚು ಹಾಕಿದ ಪಾದ್ರಿಗಳಿಗೆ ಎದುರಾಳಿ ಬಿದ್ದರೆ ಲಾಭ. ಹಿತವಿದ್ದವರೆಲ್ಲ ಸುಳ್ಳರೆಂದಲ್ಲ, ಅವರ ಮಾತಿಗೆ ಬೇರೆ ಕಡೆಯ ಆಧಾರ ಬೇಕು. ಅಂಗಡಿಯ ಲೆಕ್ಕಕ್ಕೆ ಯಾರ ಮೇಲೂ ಸಿಟ್ಟಿರಲಿಲ್ಲ.

ಮೂರನೆಯದು, ಯಾವುದು ನಡೆದಿದ್ದರೆ ಆ ಮಾತು ಸುಳ್ಳೆಂದು ನೀವು ಒಪ್ಪುತ್ತಿದ್ದಿರಿ ಎಂದು ಕೇಳಬೇಕು. ಪತ್ರ ಸರಿಯಿದ್ದರೆ ಗುರುವಿನ ಮಹಿಮೆ, ತಪ್ಪಿದ್ದರೆ ಶಿಷ್ಯನ ಅಜಾಗ್ರತೆ ಎಂದಾದರೆ, ಆ ಮಾತನ್ನು ಪರೀಕ್ಷಿಸುವ ದಾರಿಯೇ ಮುಚ್ಚಿತು.

ನಾಲ್ಕನೆಯದು, ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಬಾರದು. ಆಲ್ಕಾಟ್ ಸಿಂಹಳದಲ್ಲಿ ಬೌದ್ಧ ಶಾಲೆಗಳಿಗೆ ದುಡಿದರು. 1894ರಲ್ಲಿ ಅಡ್ಯಾರಿನ ಬಳಿ ಪಂಚಮರ ಮಕ್ಕಳಿಗೆ ಶಾಲೆ ತೆರೆದರು. ಬೀರುವಿನ ಹಿಂದೆ ಹಲಗೆ ಸರಿದರೆ ಆ ಶಾಲೆ ಸುಳ್ಳಾಗುವುದಿಲ್ಲ. ಹಾಗೆಯೇ, ಶಾಲೆ ಕಟ್ಟಿದ್ದರಿಂದ ಬೀರುವಿನ ಪವಾಡ ನಿಜವಾಗುವುದಿಲ್ಲ. ಆಸ್ಪತ್ರೆ ಕಟ್ಟಿದ್ದಾರೆ, ಅನ್ನ ಹಾಕುತ್ತಾರೆ, ಆದ್ದರಿಂದ ವಿಭೂತಿ ಗಾಳಿಯಿಂದಲೇ ಬಂತು ಎಂಬ ತರ್ಕವನ್ನು ನಾವು ದಿನವೂ ಕೇಳುತ್ತೇವಲ್ಲವೇ?

ನಮ್ಮ ಬೆಂಗಳೂರಿನ ಒಂದು ಸಂಗತಿಯನ್ನೂ ಅವನಿಗೆ ನೆನಪಿಸಿದೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ ಆರಂಭವಾದದ್ದು ಬ್ಲಾವಟ್‌ಸ್ಕಿಯವರ ಶಿಷ್ಯೆ ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಪ್ರೇರಣೆಯಿಂದ. ಅದೇ ಶಾಲೆಯಲ್ಲಿ ಓದಿದವರು ಡಾ. ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಅವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ವಿಚಾರಿಸಲು ಒಂದು ಸಮಿತಿ ರಚಿಸಿದರು. ಸತ್ಯಸಾಯಿ ಬಾಬಾ ಅವರಿಗೆ, ಸಮಿತಿಯ ಮುಂದೆ ಒಪ್ಪಿತವಾದ ಪರಿಸ್ಥಿತಿಯಲ್ಲಿ ಪವಾಡ ತೋರಿಸಬೇಕೆಂದು ವಿನಂತಿಸಿ ಪತ್ರಗಳನ್ನು ಬರೆದರು, ಉತ್ತರ ಬರಲಿಲ್ಲ. ವಿಜ್ಞಾನದ ವ್ಯಾಪ್ತಿ ಇಂದ್ರಿಯಗಳಿಗೆ ಸೀಮಿತ, ಅಧ್ಯಾತ್ಮ ಅದನ್ನು ಮೀರಿದ್ದು ಎಂಬುದು ಬಾಬಾ ಅವರ ನಿಲುವಾಗಿತ್ತು. ಅಧ್ಯಾತ್ಮದ ಮಟ್ಟಿಗೆ ಆ ಮಾತು ಇರಲಿ. ಆದರೆ ಕೈಗೆ ಬಂದ ವಿಭೂತಿಯೂ ಬೆರಳಿಗೆ ಹಾಕಿದ ಉಂಗುರವೂ ಇಂದ್ರಿಯಗಳಿಗೆ ಸಿಕ್ಕ ವಸ್ತುಗಳೇ ಅಲ್ಲವೇ? ‘ಪರೀಕ್ಷಿಸಬಹುದಾದ’ ಎಂಬ ಒಂದು ಪದವನ್ನು ಸಮಿತಿಯ ಹೆಸರಿನಲ್ಲಿಯೇ ಇಟ್ಟದ್ದು ನರಸಿಂಹಯ್ಯನವರ ವಿವೇಕ. ಮೋಕ್ಷವನ್ನು ಅಳೆಯಲು ಅವರು ಹೊರಟಿರಲಿಲ್ಲ.

ಕೊನೆಗೆ ಶಿಷ್ಯನಿಗೆ ಹೇಳಿದೆ: “ಅಮ್ಮನ ಎದುರು ಗುರುಗಳನ್ನು ಕಳ್ಳರೆನ್ನಬೇಡ. ನಿನಗೂ ಅದು ಗೊತ್ತಿಲ್ಲ. ಅವರಿಗೆ ಅಲ್ಲಿ ಯಾವ ನೆಮ್ಮದಿ ಸಿಗುತ್ತಿದೆ, ಮನೆಯಲ್ಲಿ ಯಾಕೆ ಸಿಗಲಿಲ್ಲ ಎಂಬುದನ್ನು ಮೊದಲು ಯೋಚಿಸು. ಜಮೀನಿನ ವಿಷಯ ಮಾತ್ರ ಬೇರೆ. ಬರಿಗೈಯಿಂದ ಉಂಗುರ ತೆಗೆಯಬಲ್ಲವರಿಗೆ ನಮ್ಮ ಎರಡು ಎಕರೆ ಯಾಕೆ ಬೇಕು ಅಂತ ಮೆತ್ತಗೆ ಕೇಳು. ಉತ್ತರ ನೀನು ಹೇಳಬೇಡ, ಅವರೇ ಹುಡುಕಲಿ.”

ಅವನು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಅಪ್ಪ ಹೋದಮೇಲೆ ನಾನು ತಿಂಗಳಿಗೊಂದು ಸಲವೂ ಊರಿಗೆ ಹೋಗಿಲ್ಲ ಮೇಷ್ಟ್ರೇ” ಎಂದ. ಹೋದ ಭಾನುವಾರ ಫೋನು ಮಾಡಿದ್ದ, ಊರಿನಿಂದಲೇ. ಜಮೀನಿನ ಮಾತು ಸದ್ಯಕ್ಕೆ ನಿಂತಿದೆಯಂತೆ. ತಾಯಿ ಗುರುಗಳ ಬಳಿಗೆ ಹೋಗುವುದನ್ನು ಬಿಟ್ಟಿಲ್ಲ.

ನನ್ನ ತರಗತಿಯಲ್ಲಿ ಹಳೆಯ ಕಥೆಯನ್ನು ಕೇಳಿದ ನಿಮ್ಮೆಲ್ಲರಿಗೂ ನನ್ನದೊಂದು ಕೋರಿಕೆ. ಅದನ್ನು ನಿಮ್ಮ ಮಕ್ಕಳಿಗೆ ಹೇಳಿದ್ದರೆ, ದಯವಿಟ್ಟು ತಿದ್ದಿ ಹೇಳಿ: ಹಾಡ್ಸನ್ ಬೀರುವನ್ನು ತೆರೆಯಲಿಲ್ಲ, ಅವರು ಬರುವ ಮುಂಚೆಯೇ ಅದು ಸುಟ್ಟುಹೋಗಿತ್ತು. ಮೂವತ್ತು ವರ್ಷ ನಾನು ಅದನ್ನು ಪರೀಕ್ಷಿಸದೆ ಹೇಳಿದೆ, ನೀವು ಮೇಷ್ಟ್ರು ಹೇಳಿದರೆಂದು ನಂಬಿದಿರಿ.